ಮಗುವಿನ ಮಾತು ತಡವಾದರೆ: 'ರಿಸ್ಕ್ ಫ್ಯಾಕ್ಟರ್' ಎಂದರೇನು?

"ಇವರಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ, ಬಿಡಿ." ಅಜ್ಜಿಗೆ ಇದು ಸಮಾಧಾನ. ಡಾಕ್ಟರಿಗೆ ಇದೇ ಒಂದು ರಿಸ್ಕ್ ಫ್ಯಾಕ್ಟರ್.

ತೊಂದರೆ ಬರುವ ಸಾಧ್ಯತೆಯನ್ನು ಹೆಚ್ಚು ಮಾಡುವ ಸಂಗತಿಗೆ ಹಾಗೆನ್ನುತ್ತಾರೆ. ಅದಿದ್ದ ಮಕ್ಕಳೆಲ್ಲ ತಡವಾಗಿ ಮಾತಾಡುತ್ತಾರೆ ಅಂತಲ್ಲ. ಏನೂ ಇಲ್ಲದ ಮಗುವಿಗೂ ಮಾತು ತಡವಾಗಬಹುದು. ಇದ್ದರೆ ಸ್ವಲ್ಪ ಬೇಗ, ಸ್ವಲ್ಪ ಜಾಸ್ತಿ ಗಮನ ಕೊಡಬೇಕು, ಅಷ್ಟೆ.

ಮನೆತನದಲ್ಲಿ ಯಾರಿಗಾದರೂ ಮಾತು ತಡವಾಗಿದ್ದರೆ ಲೆಕ್ಕಕ್ಕೆ ಬರುತ್ತದೆ. 37 ವಾರಕ್ಕೆ ಮೊದಲೇ ಹುಟ್ಟಿದ್ದು, ಹುಟ್ಟಿದಾಗ ತೂಕ ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದದ್ದೂ ಅಷ್ಟೆ. ಗಂಡು ಮಕ್ಕಳಲ್ಲಿ ಈ ತೊಂದರೆ ಹೆಚ್ಚು ಕಾಣುತ್ತದೆ, ನಿಜ. ಆದರೆ "ಗಂಡು ಮಗು, ತಡ ಆಗುತ್ತೆ" ಎಂದು ಕಾಯುತ್ತಾ ಕೂರಲು ಅದು ಕಾರಣವಲ್ಲ.

ಎಲ್ಲಕ್ಕಿಂತ ಮುಖ್ಯ ಕಿವಿ. ಗರ್ಭಿಣಿಗೆ ರುಬೆಲ್ಲಾ (ಮೈಮೇಲೆ ದದ್ದೇಳುವ ಒಂದು ವೈರಸ್ ಜ್ವರ) ಬಂದಿದ್ದರೆ, ಹುಟ್ಟಿದ ಮಗುವಿಗೆ ಕಾಮಾಲೆ ವಿಪರೀತವಾಗಿದ್ದರೆ, ಮಿದುಳು ಜ್ವರ ಬಂದಿದ್ದರೆ ಕೇಳುವ ಶಕ್ತಿಗೆ ಪೆಟ್ಟು ಬೀಳಬಹುದು. ಸೋದರಮಾವ, ಅತ್ತೆಯ ಮಗ ಅಂತ ಹತ್ತಿರದ ನೆಂಟರಲ್ಲೇ ಮದುವೆಯಾದಾಗ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚುತ್ತದೆ. ನಮ್ಮ ಕಡೆ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. "ಪಾತ್ರೆ ಬಿದ್ದರೆ ತಿರುಗಿ ನೋಡುತ್ತಾನಲ್ಲ" ಎನ್ನುವುದು ಪರೀಕ್ಷೆಯಲ್ಲ. ಪಾತ್ರೆಯ ಸದ್ದು ಕೇಳುವ ಮಗುವಿಗೆ 'ಸ', 'ಶ'ದಂಥ ಮೆಲುದನಿ ಕೇಳದೆ ಇರಬಹುದು. ಮತ್ತೆ ಮತ್ತೆ ಕಿವಿ ಸೋರುವ ಮಗುವನ್ನೂ ಪರೀಕ್ಷೆ ಮಾಡಿಸಬೇಕು. ನವಜಾತ ಶಿಶುವಿಗೂ, ಅದು ಮಲಗಿರುವಾಗಲೇ, ಕೆಲವೇ ನಿಮಿಷದಲ್ಲಿ ಕಿವಿ ಪರೀಕ್ಷೆ ಮಾಡಬಹುದು.

ಮೊಬೈಲ್ ವಿಷಯ ಸ್ವಲ್ಪ ಗೋಜಲು. ಸ್ಕ್ರೀನ್ ಹೆಚ್ಚು ನೋಡುವ ಮಕ್ಕಳಲ್ಲಿ ಮಾತು ಹಿಂದುಳಿಯುವುದು ಕಂಡುಬಂದಿದೆ. ಆದರೆ ಮಾತಾಡದ ಮಗುವಿನ ಕೈಗೇ ಮೊಬೈಲ್ ಜಾಸ್ತಿ ಸಿಗುತ್ತದೆ ಅಲ್ವಾ? ಹೇಗೇ ಇರಲಿ, ಮಗುವಿನೊಡನೆ ಎದುರುಬದುರು ಮಾತಾಡುವ ಹೊತ್ತನ್ನು ಮೊಬೈಲ್ ತಿನ್ನುತ್ತದೆ.

ಮನೆಯಲ್ಲಿ ಕನ್ನಡ, ತುಳು ಎರಡೂ ಇರುವುದು ರಿಸ್ಕ್ ಫ್ಯಾಕ್ಟರ್ ಅಲ್ಲ. ಒಂದು ಭಾಷೆ ಬಿಡಿಸಿದರೆ ಮಾತು ಬೇಗ ಬರುತ್ತದೆ ಎಂಬುದು ಸುಮ್ನೆ ತಪ್ಪು ನಂಬಿಕೆ. ನಾಲಿಗೆಗೆ ಬಜೆ ತೇಯ್ದು ಹಚ್ಚುವವರಿದ್ದಾರೆ. ಕಿವಿ ಕೇಳದ ಮಗುವಿಗೆ ಅದರಿಂದ ಏನೂ ಆಗದು, ಅಮೂಲ್ಯವಾದ ತಿಂಗಳುಗಳು ಮಾತ್ರ ಹೋಗುತ್ತವೆ.

ವರ್ಷ ತುಂಬಿದರೂ 'ಬಬಬ', 'ದದದ' ಎನ್ನದಿದ್ದರೆ, ಎರಡು ವರ್ಷವಾದರೂ 'ಅಮ್ಮ ಬಾ' ಎಂದು ಎರಡು ಪದ ಜೋಡಿಸದಿದ್ದರೆ ತೋರಿಸಿ. ಕಲಿತ ಮಾತು ನಿಂತುಹೋದರಂತೂ ಯಾವ ವಯಸ್ಸಿನಲ್ಲಾದರೂ ತಡ ಮಾಡಬೇಡಿ. ಮಕ್ಕಳ ಡಾಕ್ಟರ ಬಳಿ ಹೋಗಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ.