ಹೊಸ ಹುಡುಗರಿಗಾಗಿ ಎಷ್ಟು ವರ್ಷ ಕಾಯಬೇಕು?

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲಿನ ಕ್ಯಾರೊಲಿನಾ ಪ್ಯಾಂಥರ್ಸ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಬ್ರೈಸ್ ಯಂಗ್ ಅವರನ್ನು ಬೆಂಚಿನಲ್ಲಿ ಕೂರಿಸಿತು. ಹದಿನೇಳು ತಿಂಗಳ ಹಿಂದೆ, ಅಮೆರಿಕದ ಎಲ್ಲ ಕಾಲೇಜು ಆಟಗಾರರಲ್ಲಿ ಮೊದಲಿಗರಾಗಿ ಆಯ್ಕೆಯಾಗಿದ್ದವರು ಇವರೇ. ಆ ಮೊದಲ ಆಯ್ಕೆಯ ಹಕ್ಕಿಗಾಗಿ ಪ್ಯಾಂಥರ್ಸ್ ತನ್ನ ಒಳ್ಳೆಯ ಆಟಗಾರ ಡಿ.ಜೆ. ಮೂರ್ ಅವರ ಜೊತೆಗೆ ಇನ್ನೂ ನಾಲ್ಕು ಆಯ್ಕೆಯ ಹಕ್ಕುಗಳನ್ನು ಶಿಕಾಗೊ ಬೇರ್ಸ್ ತಂಡಕ್ಕೆ ಬಿಟ್ಟುಕೊಟ್ಟಿತ್ತು. ಹದಿನೆಂಟು ಪಂದ್ಯಗಳನ್ನು ಆಡುವಷ್ಟರಲ್ಲಿ ಎಲ್ಲರ ತೀರ್ಪೂ ಹೊರಬಿದ್ದಿತ್ತು: ಈ ಹುಡುಗ ಆಗುವವನಲ್ಲ. ಅಕ್ಟೋಬರ್‌ನಲ್ಲಿ, ಅವರ ಜಾಗಕ್ಕೆ ಬಂದಿದ್ದ ಹಿರಿಯ ಆಟಗಾರ ಆ್ಯಂಡಿ ಡಾಲ್ಟನ್ ಕಾರು ಅಪಘಾತದಲ್ಲಿ ಹೆಬ್ಬೆರಳು ಉಳುಕಿಸಿಕೊಂಡರು. ಬೇರೆ ದಾರಿಯಿಲ್ಲದೆ ಯಂಗ್ ಅವರನ್ನೇ ಮತ್ತೆ ಇಳಿಸಬೇಕಾಯಿತು. ಉಳಿದ ಪಂದ್ಯಗಳಲ್ಲಿ ಅವರು ಬೇರೆಯೇ ಆಟಗಾರರಂತೆ ಆಡಿದರು. ಇನ್ನೊಬ್ಬರ ಹೆಬ್ಬೆರಳು ನೆಟ್ಟಗಿದ್ದಿದ್ದರೆ ಈ ಮಾತು ನಮಗೆ ತಿಳಿಯುತ್ತಲೇ ಇರಲಿಲ್ಲವೇನೋ.

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಆಡುವ ಆಟ. ಅದರ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಅಲ್ಲಿನ 32 ತಂಡಗಳು ಕಾಲೇಜುಗಳಲ್ಲಿ ಆಡಿದ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹೀಗೆ ಬಂದವರು ಮೊದಲ ವರ್ಷ ‘ರೂಕಿ’ಗಳು. ಈ ರೂಕಿಗಳನ್ನು ಅಳೆಯುವುದು ಅಲ್ಲಿ ಈಗ ಒಂದು ಉದ್ಯಮ. ಸುಮಾರು ತೊಂಬತ್ತು ವರ್ಷಗಳ ಅದರ ಚರಿತ್ರೆಯನ್ನು ನೋಡಿದರೆ ನನಗೆ ವಿಚಿತ್ರವಾಗಿ ಕಾಣುವುದು ಇದು: ಅಳತೆಗೋಲು ಸೂಕ್ಷ್ಮವಾಗುತ್ತ ಹೋದ ಹಾಗೆಲ್ಲ ಕಾಯುವ ತಾಳ್ಮೆ ಕರಗುತ್ತ ಬಂತು.

ಮೊದಲ ಡ್ರಾಫ್ಟ್ ನಡೆದದ್ದು 1936ರ ಫೆಬ್ರುವರಿ 8ರಂದು, ಫಿಲಡೆಲ್ಫಿಯಾದ ರಿಟ್ಸ್ ಕಾರ್ಲ್‌ಟನ್ ಹೋಟೆಲಿನಲ್ಲಿ. ಸೋತವರಿಗೆ ಮೊದಲ ಆಯ್ಕೆ ಎಂಬ ಪ್ರಸ್ತಾಪ ಫಿಲಡೆಲ್ಫಿಯಾ ಈಗಲ್ಸ್ ಮಾಲೀಕ ಬರ್ಟ್ ಬೆಲ್ ಅವರದು. ಅದಕ್ಕೂ ಮೊದಲು ಹೆಚ್ಚು ಹಣ ಕೊಟ್ಟವರಿಗೆ ಒಳ್ಳೆಯ ಆಟಗಾರರು ಸಿಗುತ್ತಿದ್ದರು. ಬೆಲ್ ಅವರ ಬಳಿ ಹಣವೂ ಇರಲಿಲ್ಲ, ಗೆಲುವೂ ಇರಲಿಲ್ಲ. ಹೀಗಾಗಿ ಮೊದಲ ಆಯ್ಕೆಯೂ ಅವರದೇ ಆಯಿತು. ಸುಮಾರು 90 ಹೆಸರುಗಳನ್ನು ಕಪ್ಪು ಹಲಗೆಯ ಮೇಲೆ ಬರೆದಿದ್ದರು. ಒಂಬತ್ತು ತಂಡಗಳು ಒಂಬತ್ತು ಸುತ್ತುಗಳಲ್ಲಿ 81 ಮಂದಿಯನ್ನು ಆರಿಸಿದವು. ಅವರಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ ಮಂದಿ ಮಾತ್ರ ಆ ವರ್ಷ ಆಡಲು ಬಂದರು. ಮೊದಲನೆಯವರಾಗಿ ಆಯ್ಕೆಯಾದ ಜೇ ಬರ್ವಾಂಗರ್ ಆ ಕಾಲದ ಅತ್ಯುತ್ತಮ ಕಾಲೇಜು ಆಟಗಾರ. ಈಗಲ್ಸ್‌ನಿಂದ ಅವರ ಹಕ್ಕು ಶಿಕಾಗೊ ಬೇರ್ಸ್‌ಗೆ ಹೋಯಿತು, ಸಂಬಳದ ಮಾತು ಕುದುರಲಿಲ್ಲ. ಅವರು ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಬೇರೆ ಕೆಲಸ ನೋಡಿಕೊಂಡರು. ಮೊದಲ ಡ್ರಾಫ್ಟಿನ ಮೊದಲ ರೂಕಿಗೆ ಅಂಕ ಕೊಡುವ ಪ್ರಶ್ನೆಯೇ ಏಳಲಿಲ್ಲ.

ಆಗಿನ ಅಳತೆಗೋಲು ಎಂದರೆ ಪತ್ರಿಕೆ. ನ್ಯೂಯಾರ್ಕ್ ಜೈಂಟ್ಸ್ ತಂಡದ ವೆಲಿಂಗ್ಟನ್ ಮಾರಾ ಊರೂರಿನ ದಿನಪತ್ರಿಕೆ, ಕ್ರೀಡಾ ಮಾಸಿಕಗಳನ್ನು ತರಿಸಿಕೊಂಡು ಹೆಸರುಗಳನ್ನು ಗುರುತು ಹಾಕುತ್ತಿದ್ದರು. ಅಷ್ಟಕ್ಕೇ ಅವರು ಉಳಿದವರಿಗಿಂತ ಮುಂದಿದ್ದರು. ಎರಡನೇ ಮಹಾಯುದ್ಧದ ನಂತರ ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡ ಎಡ್ಡಿ ಕೋಟಲ್ ಎಂಬವರನ್ನು ಇದೇ ಕೆಲಸಕ್ಕೆಂದು ನೇಮಿಸಿ ಕಾಲೇಜಿನಿಂದ ಕಾಲೇಜಿಗೆ ಓಡಾಡಿಸಿತು. ಸ್ಕೌಟ್ ಎಂಬ ಪೂರ್ಣಾವಧಿ ವೃತ್ತಿ ಹುಟ್ಟಿದ್ದು ಹಾಗೆ.

ನಂತರ ಬಂದದ್ದು ಕಂಪ್ಯೂಟರ್. ಅದರಲ್ಲಿ ಭಾರತದ ಕೈಯಿದೆ ಎಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. 1960ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಎಂಬ ಎಳೆಯ ತಂಡದ ವ್ಯವಸ್ಥಾಪಕ ಟೆಕ್ಸ್ ಶ್ರಾಮ್ ಅವರಿಗೆ ಒಂದು ತಲೆನೋವಿತ್ತು. ಒಬ್ಬ ಸ್ಕೌಟ್ ‘ವೇಗಿ’ ಎಂದು ಬರೆದವನನ್ನು ಇನ್ನೊಬ್ಬ ‘ಸಾಧಾರಣ’ ಎಂದು ಬರೆಯುತ್ತಿದ್ದ. ಈ ವರದಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಅವರು ಐಬಿಎಂ ಸಂಸ್ಥೆಯ ಮೊರೆ ಹೋದರು. ಅಲ್ಲಿಂದ ಬಂದವರು ಭಾರತದಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಲಾಂ ಖುರೇಷಿ. ಅಮೆರಿಕದ ಫುಟ್‌ಬಾಲಿನ ಗಂಧಗಾಳಿಯೂ ಇಲ್ಲದವರು. ಶ್ರಾಮ್ ಅವರಿಗೆ ಕಂಪ್ಯೂಟರ್ ತಿಳಿಯದು, ಖುರೇಷಿಯವರಿಗೆ ಆಟ ತಿಳಿಯದು. ತರಬೇತುದಾರರನ್ನೂ ಸ್ಕೌಟ್‌ಗಳನ್ನೂ ಕೂರಿಸಿಕೊಂಡು ನೂರಾರು ಗುಣಗಳ ಪಟ್ಟಿಯನ್ನು ಸೋಸಿ ಸೋಸಿ ಕೊನೆಗೆ ಐದಕ್ಕೆ ಇಳಿಸಿದರು: ನಡತೆ, ಚುರುಕು ಮತ್ತು ಮೈಹಿಡಿತ, ಪೈಪೋಟಿಯ ಛಲ, ಬುದ್ಧಿಯ ಎಚ್ಚರ, ಬಲ ಮತ್ತು ಸಿಡಿಯುವ ಶಕ್ತಿ. ನನಗೆ ಇಲ್ಲಿ ಹಿಡಿಸುವುದು ಆಟ ತಿಳಿಯದಿರುವುದೇ ಖುರೇಷಿಯವರಿಗೆ ಅನುಕೂಲವಾದದ್ದು. ಯಾವ ಕಾಲೇಜು ದೊಡ್ಡದು, ಯಾರ ಹೆಸರು ದೊಡ್ಡದು ಎಂಬ ಹಂಗು ಅವರಿಗಿರಲಿಲ್ಲ. ಒಬ್ಬೊಬ್ಬ ಸ್ಕೌಟ್ ಎಷ್ಟು ಧಾರಾಳಿ, ಎಷ್ಟು ಜಿಪುಣ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ಯೋಚನೆ ಅದರ ಹಿಂದಿತ್ತು.

ಹೊಸ ಯಂತ್ರವಿದ್ದರೂ ಕೌಬಾಯ್ಸ್ ಅವಸರಕ್ಕೆ ಬೀಳಲಿಲ್ಲ. 1964ರ ಡ್ರಾಫ್ಟಿನ ಹತ್ತನೇ ಸುತ್ತಿನಲ್ಲಿ ಅದು ರೋಜರ್ ಸ್ಟಾಬಾಕ್ ಅವರನ್ನು ಆರಿಸಿತು. ಅವರು ನೌಕಾಪಡೆಯ ಅಕಾಡೆಮಿಯ ವಿದ್ಯಾರ್ಥಿ. ಓದು ಮುಗಿದ ಮೇಲೆ ವರ್ಷಗಟ್ಟಲೆ ಸೇವೆ ಕಡ್ಡಾಯ. ಅವರು ತಂಡ ಸೇರಿದ್ದು 1969ರಲ್ಲಿ, 27ನೇ ವಯಸ್ಸಿನಲ್ಲಿ. ಮುಂದೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಎರಡು ಬಾರಿ ಗೆಲ್ಲಿಸಿಕೊಟ್ಟರು. ಅದೇ 1964ರ ಡ್ರಾಫ್ಟಿನ ಏಳನೇ ಸುತ್ತಿನಲ್ಲಿ ಸಿಕ್ಕ ಬಾಬ್ ಹೇಯ್ಸ್ ವರ್ಷ ತುಂಬುವುದರೊಳಗೆ ಟೋಕಿಯೊ ಒಲಿಂಪಿಕ್ಸ್‌ನ 100 ಮೀಟರ್ ಚಿನ್ನ ಗೆದ್ದರು. 1964ರ ಕೊನೆಯಲ್ಲಿ ಯಾರಾದರೂ ಆ ಆಯ್ಕೆಗಳಿಗೆ ಅಂಕ ಹಾಕಿದ್ದರೆ ಸ್ಟಾಬಾಕ್ ಮುಂದೆ ‘ಗೈರುಹಾಜರಿ’ ಎಂದು ಬರೆಯಬೇಕಿತ್ತು.

ಆಟಗಾರರನ್ನು ಒಂದೆಡೆ ಕಲೆಹಾಕಿ ಪರೀಕ್ಷಿಸುವ ‘ಕಂಬೈನ್’ 1982ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಶುರುವಾಯಿತು. 1987ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ. ಮೂಲ ಉದ್ದೇಶ ವೈದ್ಯಕೀಯ ತಪಾಸಣೆ: ಮೊಣಕಾಲು, ಭುಜ, ಹಳೆಯ ಗಾಯ. ಇವತ್ತು ಜನ ನೋಡುವುದು ಮಾತ್ರ 40 ಗಜದ ಓಟವನ್ನು. ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುತ್ತ ದೂರಕ್ಕೆ ಒದೆಯುವ ‘ಪಂಟ್’ ಒದೆತದ ಚೆಂಡು ಸುಮಾರು ಅಷ್ಟು ದೂರ ಹೋಗುತ್ತದೆ, ಅದು ನೆಲಕ್ಕಿಳಿಯುವಷ್ಟರಲ್ಲಿ ಯಾರು ತಲುಪಬಲ್ಲರು ಎಂದು ನೋಡಲು ಹಳೆಯ ತರಬೇತುದಾರ ಪಾಲ್ ಬ್ರೌನ್ ಈ ದೂರವನ್ನು ಹಿಡಿದರೆಂದು ಹೇಳುತ್ತಾರೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಅಷ್ಟು ದೂರ ನೇರವಾಗಿ ಓಡುವ ಪ್ರಸಂಗ ಬಲು ಅಪರೂಪ. ಆದರೂ ಓಡಿಸುತ್ತಾರೆ. 2000ದಲ್ಲಿ ಟಾಮ್ ಬ್ರೇಡಿ 5.28 ಸೆಕೆಂಡ್ ತೆಗೆದುಕೊಂಡರು, ಆರನೇ ಸುತ್ತಿನಲ್ಲಿ 199ನೆಯವರಾಗಿ ಆಯ್ಕೆಯಾದರು. ರೂಕಿ ವರ್ಷದಲ್ಲಿ ಅವರು ಎಸೆದದ್ದು ಮೂರು ಎಸೆತ, ಕೈಗೂಡಿದ್ದು ಒಂದು, ಅದರಿಂದ ತಂಡ ಮುಂದೆ ಸಾಗಿದ್ದು ಆರು ಗಜ. ಏಳು ಸೂಪರ್ ಬೌಲ್ ಗೆದ್ದವರ ಮೊದಲ ವರ್ಷದ ಅಂಕಪಟ್ಟಿ ಇಷ್ಟೇ.

ತಾಳ್ಮೆಗೆ ಮೊದಲ ಪೆಟ್ಟು ಬಿದ್ದದ್ದು ಟಿ.ವಿ.ಯಿಂದ. 1980ರಲ್ಲಿ ಇಎಸ್‌ಪಿಎನ್ ಎಂಬ ಕ್ರೀಡಾ ವಾಹಿನಿ ಡ್ರಾಫ್ಟನ್ನು ನೇರಪ್ರಸಾರ ಮಾಡಲು ಕೇಳಿದಾಗ, ಹೆಸರು ಓದುವುದನ್ನು ಯಾರು ನೋಡುತ್ತಾರೆಂದು ಲೀಗಿನ ಮುಖ್ಯಸ್ಥ ಪೀಟ್ ರೊಜೆಲ್ ಅವರಿಗೇ ಅನುಮಾನವಿತ್ತು. ಜನ ನೋಡಿದರು. ನೋಡುವವರಿದ್ದ ಮೇಲೆ ಅಲ್ಲೇ ಕುಳಿತು ತೀರ್ಪು ಹೇಳುವವರೂ ಬೇಕಾಯಿತು. 1984ರಲ್ಲಿ ಬಂದ ಮೆಲ್ ಕೈಪರ್ ಆ ಪಾತ್ರವನ್ನು ತಮ್ಮದೇ ಮಾಡಿಕೊಂಡರು. 1994ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್ ಅವರನ್ನು ಬಿಟ್ಟು ಟ್ರೆವ್ ಆಲ್ಬರ್ಟ್ಸ್ ಅವರನ್ನು ಆರಿಸಿದಾಗ ಕೈಪರ್ ನೇರಪ್ರಸಾರದಲ್ಲೇ ಹರಿಹಾಯ್ದರು. ಕೋಲ್ಟ್ಸ್‌ನ ಬಿಲ್ ಟೋಬಿನ್ ಅದೇ ಕ್ಯಾಮೆರಾದ ಮುಂದೆ ಬಂದು, ಈ ಕೈಪರ್ ಎಂಬಾತ ಯಾರು ಎಂದು ಗುಡುಗಿದರು. ಗಾಯಗಳಿಂದಾಗಿ ಆಲ್ಬರ್ಟ್ಸ್ ಮೂರೇ ವರ್ಷಕ್ಕೆ ಆಟ ನಿಲ್ಲಿಸಿದರು. ಡಿಲ್ಫರ್ ತಮ್ಮ ಮೊದಲ ತಂಡದಲ್ಲಿ ಏಳುಬೀಳು ಕಂಡು, ಆಮೇಲೆ ಬಾಲ್ಟಿಮೋರ್‌ನಲ್ಲಿ ಸೂಪರ್ ಬೌಲ್ ಗೆದ್ದರು. ಆ ಗೆಲುವಿನ ಶ್ರೇಯಸ್ಸನ್ನು ಎಲ್ಲರೂ ಕೊಡುವುದು ಅಲ್ಲಿನ ರಕ್ಷಣಾ ಪಡೆಗೆ. ಜಗಳದಲ್ಲಿ ಗೆದ್ದವರು ಯಾರೆಂದು ಈಗಲೂ ಹೇಳಲಾಗದು. ಅದೇ ದಿನ ಕೋಲ್ಟ್ಸ್ ಎರಡನೆಯವರಾಗಿ ಆರಿಸಿದ್ದ ಮಾರ್ಷಲ್ ಫಾಕ್ ಎನ್‌ಎಫ್‌ಎಲ್‌ನ ಮಹಾನ್ ಆಟಗಾರರಲ್ಲಿ ಒಬ್ಬರಾದರು. ಡ್ರಾಫ್ಟಿನ ಮರುದಿನವೇ ತಂಡಗಳಿಗೆ ಎ, ಬಿ, ಸಿ ದರ್ಜೆ ಹಂಚುವ ಪದ್ಧತಿ ಬೇರೂರಿದ್ದು ಈ ಟಿ.ವಿ. ಕಾಲದಲ್ಲೇ. ಬೀಜ ಬಿತ್ತಿದ ಮರುದಿನ ಇಳುವರಿ ಅಳೆಯುವವರನ್ನು ನಮ್ಮ ಹಳ್ಳಿಗಳಲ್ಲಿ ಏನೆನ್ನುತ್ತಾರೋ ಹೇಳಬೇಕಾಗಿಲ್ಲ. 2012ರಲ್ಲಿ ಸಿಯಾಟಲ್ ಸೀಹಾಕ್ಸ್ ಆಯ್ಕೆಗಳನ್ನು ಹಲವರು ಹೀಗೇ ಹೀಗಳೆದಿದ್ದರು. ಅದರಲ್ಲಿ ರಸೆಲ್ ವಿಲ್ಸನ್, ಬಾಬಿ ವ್ಯಾಗ್ನರ್ ಇದ್ದರು, ಎರಡನೇ ಋತುವಿನಲ್ಲೇ ತಂಡ ಸೂಪರ್ ಬೌಲ್ ಗೆದ್ದಿತು.

ಮರುದಿನ ಬೇಡ, ಒಂದು ವರ್ಷ ಕಾದು ಅಂಕ ಹಾಕೋಣ ಎಂದರೂ ತೊಡಕು ತಪ್ಪದು. 1998ರ ಮೊದಲ ಆಯ್ಕೆ ಪೇಟನ್ ಮ್ಯಾನಿಂಗ್. ರೂಕಿ ವರ್ಷ ಅವರು 28 ಬಾರಿ ಚೆಂಡನ್ನು ಎದುರಾಳಿಯ ಕೈಗೆ ಎಸೆದರು. ರೂಕಿಗಳಲ್ಲಿ ಅದೇ ದಾಖಲೆ. ತಂಡ 16ರಲ್ಲಿ 13 ಸೋತಿತು. ಮರುವರ್ಷ 13 ಗೆದ್ದಿತು. ಟ್ರಾಯ್ ಏಕ್‌ಮನ್ 1989ರಲ್ಲಿ ಆರಂಭಿಸಿದ 11 ಪಂದ್ಯಗಳಲ್ಲಿ ಹನ್ನೊಂದನ್ನೂ ಸೋತು, ಮುಂದೆ ಮೂರು ಸೂಪರ್ ಬೌಲ್ ಗೆದ್ದರು. ಡೇವಿಡ್ ಕಾರ್ ಅವರದು ಇನ್ನೊಂದು ಬಗೆ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ಅವರನ್ನು ಮೊದಲನೆಯವರಾಗಿ ಆರಿಸಿ, ಕಾಪಾಡುವವರಿಲ್ಲದೆ ಕಣಕ್ಕಿಳಿಸಿತು. ಒಂದೇ ಋತುವಿನಲ್ಲಿ 76 ಬಾರಿ ಅವರನ್ನು ಚೆಂಡಿನೊಡನೆ ನೆಲಕ್ಕೆ ಕೆಡವಲಾಯಿತು. ಆ ಅಂಕಿ ಹುಡುಗನದೇ, ತಂಡದ್ದೇ?

ರಕ್ಷಣಾ ಆಟಗಾರರಿಗೆ ಬಂದರೆ ಅಂಕಿಗಳೇ ತಲೆಕೆಳಗಾಗುತ್ತವೆ. ಚೆಂಡು ಹಿಡಿಯಲು ಓಡುವವರನ್ನು ಕಾಯುವ ಕಾರ್ನರ್‌ಬ್ಯಾಕ್ ನಿಜಕ್ಕೂ ಒಳ್ಳೆಯವನಾದರೆ ಎದುರಾಳಿ ಅವನತ್ತ ಚೆಂಡನ್ನೇ ಎಸೆಯುವುದಿಲ್ಲ. 2022ರ ಶ್ರೇಷ್ಠ ರಕ್ಷಣಾ ರೂಕಿ ಎನಿಸಿದ ನ್ಯೂಯಾರ್ಕ್ ಜೆಟ್ಸ್‌ನ ಸಾಸ್ ಗಾರ್ಡ್ನರ್ ಇಡೀ ವರ್ಷ ಕಸಿದ ಎಸೆತಗಳು ಎರಡೇ. ಮುಂದಿನ ಸಾಲಿನಲ್ಲಿ ನಿಂತು ಬರೀ ತಡೆಯುವ ದಢೂತಿ ಹುಡುಗರಿಗಂತೂ ಹೇಳಿಕೊಳ್ಳಲು ಒಂದು ಅಂಕಿಯೂ ಇಲ್ಲ. ಅವರ ಹೆಸರು ಕೇಳಿಬರುವುದು ತಪ್ಪು ಮಾಡಿದಾಗಲೇ.

ಬೆಂಗಳೂರಿನವರಿಗೆ ಈ ಕಥೆ ಪರಕೀಯವಲ್ಲ. 2008ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಹುಡುಗರನ್ನು ಐಪಿಎಲ್ ತಂಡಗಳು ಹರಾಜಿನಲ್ಲಿ ಕೊಳ್ಳಲಿಲ್ಲ, ಡ್ರಾಫ್ಟ್ ಮೂಲಕ ಆರಿಸಿಕೊಂಡವು. ಬ್ಯಾಟಿಂಗ್‌ನಲ್ಲಿ ಬಲವಾಗಿದ್ದ ಡೆಲ್ಲಿ ತಂಡ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ತೆಗೆದುಕೊಂಡಿತು, ಡೆಲ್ಲಿಯದೇ ಹುಡುಗ ವಿರಾಟ್ ಕೊಹ್ಲಿ ರಾಯಲ್ ಚಾಲೆಂಜರ್ಸ್‌ಗೆ ಒಲಿದರು. ಆ ಮೊದಲ ಋತುವಿನಲ್ಲಿ ಕೊಹ್ಲಿ 13 ಪಂದ್ಯಗಳಲ್ಲಿ ಗಳಿಸಿದ್ದು 165 ರನ್, ಸರಾಸರಿ 15. ಆಗ ಅಂಕ ಹಾಕಿದ್ದರೆ ಡೆಲ್ಲಿಯ ಲೆಕ್ಕಾಚಾರ ತಪ್ಪೆಂದು ಯಾರೂ ಹೇಳುತ್ತಿರಲಿಲ್ಲ. ಅಂದಹಾಗೆ ಅದು ಹೆಡ್ಡ ಲೆಕ್ಕವೂ ಅಲ್ಲ. ‘ನಮಗೆ ಬೇಕಾದವನು’ ಮತ್ತು ‘ಇರುವವರಲ್ಲಿ ಉತ್ತಮನು’ ಎಂಬ ಎರಡರ ನಡುವಿನ ಎಳೆದಾಟ ಎನ್‌ಎಫ್‌ಎಲ್ ಕೋಣೆಗಳಲ್ಲಿ ಇವತ್ತಿಗೂ ಮುಗಿದಿಲ್ಲ.

ತಾಳ್ಮೆಗೆ ಎರಡನೇ ಪೆಟ್ಟು ಕೊಟ್ಟದ್ದು ಹಣ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್ ಒಂದು ಪಂದ್ಯ ಆಡುವ ಮೊದಲೇ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ಗಳ ಕರಾರಿಗೆ ಸಹಿ ಹಾಕಿದ್ದರು. 2011ರಲ್ಲಿ ಆಟಗಾರರ ಸಂಘ ಮತ್ತು ಮಾಲೀಕರ ನಡುವೆ ಹೊಸ ಒಪ್ಪಂದವಾಗಿ ರೂಕಿ ಸಂಬಳಕ್ಕೆ ಮಿತಿ ಬಿತ್ತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಹುಡುಗರು ಅಗ್ಗವಾದರೆ ತಂಡಗಳು ನಿಧಾನಿಸುತ್ತವೆ ಎಂದುಕೊಳ್ಳಬಹುದು. ಆದದ್ದು ತಿರುವುಮುರುವು. ಅಗ್ಗದ ಕರಾರು ಮುಗಿಯುವುದರೊಳಗೆ ಆಟಗಾರನಿಂದ ಪಡೆಯುವುದನ್ನೆಲ್ಲ ಪಡೆಯಬೇಕು, ಉಳಿಸಿದ ಹಣದಲ್ಲಿ ಉಳಿದವರನ್ನು ಕೊಳ್ಳಬೇಕು. ಮೊದಲ ಸುತ್ತಿನವರಿಗೆ ಐದನೇ ವರ್ಷ ಕೊಡಬೇಕೇ ಬೇಡವೇ ಎಂಬುದನ್ನು ಮೂರನೇ ಋತು ಮುಗಿದ ಮೇ ತಿಂಗಳಲ್ಲೇ ತೀರ್ಮಾನಿಸಬೇಕು. ಹೀಗೆ ಮೂರು ವರ್ಷ ಎಂಬ ಗಡುವು ನಿಯಮದೊಳಗೇ ಕುಳಿತಿತು. ಗಡುವಿದ್ದಾಗ ಮೊದಲ ವರ್ಷವನ್ನು ಬೆಂಚಿನಲ್ಲಿ ಕಳೆಯಲು ಯಾರು ಬಿಡುತ್ತಾರೆ? ಗ್ರೀನ್ ಬೇ ಪ್ಯಾಕರ್ಸ್ ಮಾತ್ರ, ಈ ಗಡುವಿಗೂ ಮೊದಲು 2005ರಲ್ಲಿ ಆರಿಸಿದ ಆ್ಯರನ್ ರೋಜರ್ಸ್ ಅವರನ್ನು ಕಾಯಿಸಿದಂತೆಯೇ, 2020ರಲ್ಲಿ ಆರಿಸಿದ ಜಾರ್ಡನ್ ಲವ್ ಅವರನ್ನೂ ಮೂರು ವರ್ಷ ಕಾಯಿಸಿತು. ಅದು ಅಪವಾದ.

ಇಷ್ಟು ಅವಸರಕ್ಕೆ ತಕ್ಕ ನಿಖರತೆ ಇದೆಯೇ? ಕೇಡ್ ಮ್ಯಾಸ್ಸಿ ಮತ್ತು ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಹಳೆಯ ಡ್ರಾಫ್ಟ್‌ಗಳನ್ನು ಕೆದಕಿ ನೋಡಿದರು. ಒಂದೇ ಸ್ಥಾನದ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಶೇ 52. ನಾಣ್ಯ ಚಿಮ್ಮಿದರೆ 50. ಆ ಎರಡು ಅಂಕಗಳ ಅಂತರಕ್ಕಾಗಿ ತಂಡಗಳು ಮೂರು ನಾಲ್ಕು ಆಯ್ಕೆಗಳನ್ನು ಬಿಟ್ಟುಕೊಡುತ್ತವೆ.

ಪ್ಯಾಂಥರ್ಸ್ ಮಾಡಿದ್ದು ಅದನ್ನೇ. 2023ರಲ್ಲಿ ಯಂಗ್ ಬೆನ್ನಿಗೇ ಎರಡನೆಯವರಾಗಿ ಹೋದವರು ಸಿ.ಜೆ. ಸ್ಟ್ರೌಡ್. ಡ್ರಾಫ್ಟಿಗೆ ಮೊದಲು, ಒಂದು ಬೌದ್ಧಿಕ ಪರೀಕ್ಷೆಯಲ್ಲಿ ಸ್ಟ್ರೌಡ್ ಅವರಿಗೆ ತೀರಾ ಕಡಿಮೆ ಅಂಕ ಬಂದಿದೆ ಎಂಬ ಸುದ್ದಿ ಸೋರಿತ್ತು. ಟೆಕ್ಸನ್ಸ್ ಸೇರಿದ ಅವರು 4,108 ಗಜ ಎಸೆದು, ಐದೇ ಎಸೆತಗಳನ್ನು ಎದುರಾಳಿಗೆ ಬಿಟ್ಟುಕೊಟ್ಟು ಶ್ರೇಷ್ಠ ರೂಕಿಯಾದರು. ಯಂಗ್ ಅವರನ್ನು 62 ಬಾರಿ ಕೆಡವಲಾಯಿತು. ಹನ್ನೊಂದು ಪಂದ್ಯಗಳಾಗುವಷ್ಟರಲ್ಲಿ ಮುಖ್ಯ ತರಬೇತುದಾರನ ಕೆಲಸವೂ ಹೋಯಿತು. ತಂಡ ಗೆದ್ದದ್ದು ಎರಡು. ಹಾಗೆ ಸೋತು ಬಂದ 2024ರ ಮೊದಲ ಆಯ್ಕೆಯನ್ನು ಆಗಲೇ ಬೇರ್ಸ್‌ಗೆ ಕೊಟ್ಟಾಗಿತ್ತು. ಎಲ್ಲ ಸ್ಪಷ್ಟವಾಯಿತು ಎಂದುಕೊಂಡರು. ಎರಡನೇ ವರ್ಷ ಸ್ಟ್ರೌಡ್ 12 ಎಸೆತ ಕಳೆದುಕೊಂಡು 52 ಬಾರಿ ನೆಲ ಕಚ್ಚಿದರು, ಯಂಗ್ ಬೆಂಚಿನಿಂದ ಎದ್ದುಬಂದರು.

ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ 1974ರ ಆಯ್ಕೆಗಳನ್ನು ಈ ಲೀಗಿನ ಚರಿತ್ರೆಯಲ್ಲೇ ಶ್ರೇಷ್ಠವೆನ್ನುತ್ತಾರೆ. ಸ್ವಾನ್, ಲ್ಯಾಂಬರ್ಟ್, ಸ್ಟಾಲ್‌ವರ್ತ್, ವೆಬ್‌ಸ್ಟರ್: ಮೊದಲ ಐದು ಸುತ್ತುಗಳಲ್ಲಿ ಆರಿಸಿದ ಈ ನಾಲ್ವರೂ ಆಟದ ಗೌರವಪೀಠವಾದ ಹಾಲ್ ಆಫ್ ಫೇಮ್ ಸೇರಿದರು. ಉಳಿದ ತಂಡಗಳು ಕಡೆಗಣಿಸಿದ್ದ ಕಪ್ಪುಜನರ ಕಾಲೇಜುಗಳಲ್ಲಿ ಅಲ್ಲಿನವರ ವಿಶ್ವಾಸ ಗಳಿಸಿ ಸ್ಟಾಲ್‌ವರ್ತ್‌ರಂಥವರನ್ನು ಹುಡುಕಿಕೊಟ್ಟವರು ಬಿಲ್ ನನ್. ಅವರು ಮೊದಲು ಪಿಟ್ಸ್‌ಬರ್ಗ್‌ನ ಕಪ್ಪುಜನರ ಪತ್ರಿಕೆಯೊಂದರಲ್ಲಿ ಪತ್ರಕರ್ತರಾಗಿದ್ದವರು. ಅದೇ ವರ್ಷ ಸೌತ್ ಕ್ಯಾರೊಲಿನಾ ಸ್ಟೇಟ್‌ನಿಂದ ಡಾನಿ ಶೆಲ್ ಎಂಬ ಇನ್ನೊಬ್ಬ ಹುಡುಗನೂ ತಂಡಕ್ಕೆ ಬಂದ. ಶೆಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದದ್ದು 2020ರಲ್ಲಿ, ನನ್ ಅದರ ಮರುವರ್ಷ. ಅಷ್ಟರಲ್ಲಿ ನನ್ ತೀರಿಕೊಂಡು ಏಳು ವರ್ಷಗಳಾಗುತ್ತಿದ್ದವು. 1974ರ ಆ ಡ್ರಾಫ್ಟ್ 17 ಸುತ್ತು ನಡೆದಿತ್ತು. ಆರಿಸಿದ 442 ಹೆಸರುಗಳಲ್ಲಿ ಶೆಲ್ ಹೆಸರು ಇರಲಿಲ್ಲ.