ಕೆರೆ ಜಾಗದಲ್ಲಿ ಅಪಾರ್ಟ್‌ಮೆಂಟ್: 60 ಅಡಿ ಪೈಲ್ ಸಾಕಾ?

ಪ್ರಶ್ನೆ: ನಾವು ಫ್ಲ್ಯಾಟ್ ನೋಡಿರುವ ಜಾಗ ಹಿಂದೆ ಕೆರೆ ಆಗಿತ್ತಂತೆ. "60 ಅಡಿ ಪೈಲ್ ಹಾಕಿದ್ದೇವೆ, ಭಯ ಬೇಡ" ಅಂತಾರೆ ಬಿಲ್ಡರ್. ನಂಬಬಹುದಾ?

ಬರೀ ಅಡಿ ಲೆಕ್ಕ ಕೇಳಿದರೆ ಏನೂ ಗೊತ್ತಾಗುವುದಿಲ್ಲ. ಆ ಪೈಲ್ (ಕಟ್ಟಡದ ಭಾರ ಹೊರಲು ನೆಲ ಕೊರೆದು ಕಾಂಕ್ರೀಟ್ ತುಂಬಿದ ಕಂಬ) ಕೆಳಗೆ ಯಾವುದರ ಮೇಲೆ ಹೋಗಿ ಕೂತಿದೆ ಅಂತ ಕೇಳಿ.

ಲಾಲ್‌ಬಾಗ್ ಬಂಡೆ ನೋಡಿದ್ದೀರಿ ಅಲ್ವಾ? ಸುಮಾರು 300 ಕೋಟಿ ವರ್ಷದ ಬಂಡೆ ಅದು. ಅದೇ ಜಾತಿಯ ಕಲ್ಲು ನಮ್ಮ ಬೆಂಗಳೂರಿನ ಅಡಿಯಲ್ಲೆಲ್ಲ ಇದೆ, ಆದರೆ ಅಲ್ಲಿ ನೆಲದ ಮೇಲೆ ಎದ್ದಿರುವುದು ಇನ್ನೊಂದು ಕಡೆ ಹತ್ತಿಪ್ಪತ್ತು ಮೀಟರ್ ಕೆಳಗೆ ಇರಬಹುದು, ಒಂದೇ ಸೈಟಿನ ಎರಡು ಮೂಲೆಗಳಲ್ಲೂ ಆಳ ಬೇರೆ ಬೇರೆ ಇರಬಹುದು. ಜೊತೆಗೆ ಮೆತ್ತಗಾದ ಬಂಡೆಯ ಮಧ್ಯೆ ದೊಡ್ಡ ಗುಂಡುಗಲ್ಲುಗಳು ಉಳಿದಿರುತ್ತವೆ. ಕೊರೆಯುವ ಯಂತ್ರಕ್ಕೆ ಅದು ತಗುಲಿದರೆ ಬಂಡೆ ಸಿಕ್ಕಿತು ಅಂತಲೇ ಅನಿಸುತ್ತದೆ. ಅದಕ್ಕೇ ಮಣ್ಣು ಪರೀಕ್ಷೆಯಲ್ಲಿ ಕಲ್ಲು ಸಿಕ್ಕ ಮೇಲೂ ಇನ್ನೂ ಕೆಲವು ಮೀಟರ್ ಕೊರೆದು ನೋಡಬೇಕು.

ಕೆರೆ ಜಾಗದ ಕಷ್ಟ ಇನ್ನೊಂದು ಥರ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿದೆ, ಹಾಗಾಗಿ ಕೆರೆ ಅಂದ ಕೂಡಲೇ ಓಡಿಹೋಗಬೇಕಿಲ್ಲ. ಆದರೆ ಹೂಳಿನ ಮೇಲೆ ಹೊಸದಾಗಿ ಮಣ್ಣು, ಕಟ್ಟಡದ ಅವಶೇಷ ಸುರಿದಿದ್ದರೆ ಅದು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಕುಸಿಯುವಾಗ ಪೈಲ್‌ನ ಮೈಯನ್ನೂ ಹಿಡಿದು ಕೆಳಗೆ ಜಗ್ಗುತ್ತದೆ! ಗಟ್ಟಿ ಮಣ್ಣು ಪೈಲ್‌ಗೆ ಆಸರೆ ಕೊಡುತ್ತದೆ, ಈ ಮಣ್ಣು ಭಾರ ಹೇರುತ್ತದೆ. ವಿನ್ಯಾಸದಲ್ಲಿ ಆ ಭಾರವನ್ನೂ ಸೇರಿಸಿರಲೇಬೇಕು.

ಇನ್ನು ಆಳ ಬದಲು ಅಗಲ ಜಾಸ್ತಿ ಮಾಡಿದರೆ? 600 ಮಿ.ಮೀ. ವ್ಯಾಸವನ್ನು 1200 ಮಾಡಿದರೆ ಮೈ ಎರಡು ಪಟ್ಟು ಆಗುತ್ತದೆ, ಪಾದ, ಅಂದರೆ ತಳದ ವಿಸ್ತೀರ್ಣ, ನಾಲ್ಕು ಪಟ್ಟು. ಪಾದ ಬಂಡೆಯ ಮೇಲಿದ್ದರೆ ಲಾಭ ದೊಡ್ಡದು. ಆದರೆ ನನಗೆ ಯಾವಾಗಲೂ ಆತಂಕ ಆಗುವುದು ಆ ಪಾದದ ಬಗ್ಗೆಯೇ. ಕೊರೆದ ಗುಂಡಿಯ ತಳದಲ್ಲಿ ಕೆಸರು ಕೂತಿರುತ್ತದೆ. ಅದನ್ನು ಪೂರ್ತಿ ತೆಗೆಯದೆ ಕಾಂಕ್ರೀಟ್ ಹಾಕಿದರೆ ಪೈಲ್ ಬಂಡೆಯ ಮೇಲಲ್ಲ, ಕೆಸರಿನ ಮೇಲೆ ನಿಂತ ಹಾಗೆ. ನೀರಿದ್ದ ಗುಂಡಿಗೆ ಕಾಂಕ್ರೀಟನ್ನು ಮೇಲಿಂದ ಸುಮ್ನೆ ಸುರಿಯಲೂ ಬಾರದು. ಟ್ರೆಮಿ ಪೈಪ್ (ಕಾಂಕ್ರೀಟ್ ಇಳಿಸುವ ಉದ್ದ ಕೊಳವೆ) ತಳದವರೆಗೆ ಇಳಿಸಿ ಕೆಳಗಿನಿಂದ ತುಂಬಿಕೊಂಡು ಬರಬೇಕು, ಪೈಪಿನ ತುದಿ ಕೊನೇವರೆಗೂ ಕಾಂಕ್ರೀಟಿನೊಳಗೇ ಇರಬೇಕು.

ಹಾಗಾಗಿ ಬಿಲ್ಡರ್ ಹತ್ತಿರ ಮಣ್ಣಿನ ವರದಿ ಕೇಳಿ. ಭಾರ ಪರೀಕ್ಷೆಯ ವರದಿಯನ್ನೂ ಕೇಳಿ, ಪೈಲ್‌ಗಳ ಬಗೆಗಿನ ಭಾರತೀಯ ಮಾನದಂಡ ಐಎಸ್ 2911 ಪ್ರಕಾರ ಕಟ್ಟಡದ ಕೆಲವು ಪೈಲ್‌ಗಳ ಮೇಲೆ ವಿನ್ಯಾಸದ ಭಾರದ ಒಂದೂವರೆ ಪಟ್ಟು ಹಾಕಿ ನೋಡಿರಬೇಕು. ಜೊತೆಗೆ ಪ್ರತಿ ಪೈಲ್‌ನ ಆಳ, ಹಾಕಿದ ಕಾಂಕ್ರೀಟ್ ಎಷ್ಟು ಅಂತ ಬರೆದಿಡುವ ಪೈಲ್ ರಿಜಿಸ್ಟರ್ ಕೂಡ. 600 ಮಿ.ಮೀ. ವ್ಯಾಸದ, 60 ಅಡಿಯ ಒಂದು ಪೈಲ್‌ಗೆ ಲೆಕ್ಕದಲ್ಲೇ 5 ಘನ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಕಾಂಕ್ರೀಟ್ ಬೇಕು. ರಿಜಿಸ್ಟರ್‌ನಲ್ಲಿ 4 ಅಂತ ಬರೆದಿದ್ದರೆ ಆ ಪೈಲ್ ಮಣ್ಣು ಕುಸಿದು ಎಲ್ಲೋ ಸೊಂಟದಲ್ಲಿ ಸಣ್ಣಗಾಗಿರಬಹುದು, ಇಲ್ಲವೇ ಹೇಳಿದಷ್ಟು ಆಳ ಹೋಗಿಲ್ಲದಿರಬಹುದು. ಅದನ್ನು ಪರೀಕ್ಷೆ ಮಾಡಿಸಿದ ಮೇಲೆಯೇ ಮುಂಗಡ ಕೊಡಿ.