ಎಡಗಾಲಿಗೆ ಕೆಲಸವಿಲ್ಲದ ಕಾರು: ಕರಾವಳಿಯ ಚಡವಿನಲ್ಲಿ ಗೇರು–ಆಟೋಮ್ಯಾಟಿಕ್ ತಕರಾರಿನ ಹಿನ್ನೆಲೆ

ಹೊಸ ಕಾರು ಬುಕ್ ಮಾಡಲು ಹೊರಟವರು ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತದೆ. ಒಬ್ಬರು ‘ನಂತೂರಿನ ಬ್ಲಾಕಿನಲ್ಲಿ ಆಟೋಮ್ಯಾಟಿಕ್ ಇಲ್ಲದೆ ಆಗುವುದೇ ಇಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ಮನೆಯ ಚಡವು ಹತ್ತುವುದಿಲ್ಲ, ತಗೊಳ್ಬೇಡಿ ಮಾರಾಯ್ರೆ’ ಎನ್ನುತ್ತಾರೆ (ಚಡವೆಂದರೆ ಕಡಿದಾದ ಏರುದಾರಿ). ಮೂರನೆಯವರಿಗೆ ಅದು ಮಂಡಿನೋವಿಗೆ ಮದ್ದು, ನಾಲ್ಕನೆಯವರಿಗೆ ಗ್ಯಾರೇಜಿನ ಬಿಲ್ಲು. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಕಾರಿನಲ್ಲಿರುವ ಯಂತ್ರ ಬೇರೆ ಬೇರೆ, ಕರೆಯುವ ಹೆಸರು ಮಾತ್ರ ಒಂದೇ.

ಹಳೆಯ ಕತೆಯನ್ನು ಬೇಗ ಮುಗಿಸಬಹುದು. ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ದೊಡ್ಡ ಸಂಖ್ಯೆಯಲ್ಲಿ ಮಾರಾಟಕ್ಕೆ ತಂದದ್ದು ಅಮೆರಿಕದ ಜನರಲ್ ಮೋಟಾರ್ಸ್, 1940ರ ಮಾಡೆಲಿನ ಓಲ್ಡ್ಸ್‌ಮೊಬೈಲ್‌ನಲ್ಲಿ. ಅದಾಗಿ ಹಲವು ದಶಕ ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿಗಳು ಸ್ಟಿಯರಿಂಗ್ ಪಕ್ಕದ ಗೇರುಕೋಲಿನಲ್ಲೇ ಓಡಿದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, ಕಾರು ಕಲಿಯುವುದೆಂದರೆ ಅದರ ನಾಲ್ಕು ಗೇರು ಕಲಿಯುವುದು ಎಂದಾಯಿತು. ತೊಂಬತ್ತರ ದಶಕದಲ್ಲಿ ಝೆನ್‌ನಂಥ ಚಿಕ್ಕ ಕಾರಿಗೂ ಆಟೋಮ್ಯಾಟಿಕ್ ಬಂದಿತ್ತು, ಆದರೆ ಅದು ಬಂದದ್ದೂ ಹೋದದ್ದೂ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಬೆಲೆ ಜಾಸ್ತಿ, ಮೈಲೇಜ್ ಕಡಿಮೆ, ಕೆಟ್ಟರೆ ಬಿಚ್ಚಿ ನೋಡುವ ಕೈ ಊರಲ್ಲಿ ಇರಲಿಲ್ಲ.

ಕರಾವಳಿಗೆ ಮಾತ್ರ ಕ್ಲಚ್ಚಿಲ್ಲದ ಗಾಡಿಯ ರುಚಿ ಬೇರೆ ಎರಡು ದಾರಿಯಲ್ಲಿ ಮೊದಲೇ ಹತ್ತಿತ್ತು. ಒಂದು ಸ್ಕೂಟರ್. 1984ರ ಕೈನೆಟಿಕ್ ಹೋಂಡಾದಿಂದ ಶುರುವಾಗಿ, ಗೇರಿಲ್ಲದ ಸ್ಕೂಟರಿನಲ್ಲೇ ಓಡಾಡಿ ಬೆಳೆದ ಒಂದು ತಲೆಮಾರು ಇಲ್ಲಿದೆ. ಇನ್ನೊಂದು ಗಲ್ಫ್. ದುಬೈಯಲ್ಲಿ ಆಟೋಮ್ಯಾಟಿಕ್‌ಗೆ ಸೀಮಿತವಾದ ಲೈಸೆನ್ಸೇ ಬೇರೆ ಇದೆ, ಅದನ್ನು ಮಾಡಿಸಿಕೊಂಡವರು ವರ್ಷಗಟ್ಟಲೆ ಕ್ಲಚ್ ಮುಟ್ಟುವುದಿಲ್ಲ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಗೇರುಕೋಲು ಬಲಗೈಗೆ. ಒಂದು ತಿಂಗಳ ರಜೆಗೆ ಬಂದವರು ಇಲ್ಲಿ ಗೇರಿನ ಕಾರು ಹತ್ತಿದರೆ ಬಲಗೈ ಬಾಗಿಲನ್ನು ತಡಕುತ್ತದೆ, ಎಡಗಾಲಿಗೆ ಕ್ಲಚ್ ನೆನಪಾಗುವಷ್ಟರಲ್ಲಿ ಗಾಡಿ ಬಂದ್ ಬಿದ್ದಿರುತ್ತದೆ. ಊರಿನ ಮನೆಗೊಂದು ಕಾರು ಕೊಡಿಸುವಾಗ ಇಂಥವರು ಆಟೋಮ್ಯಾಟಿಕ್ಕೇ ಇರಲಿ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ನಿಜವಾದ ತಿರುವು 2014ರದು. ಆ ವರ್ಷದ ಫೆಬ್ರವರಿಯಲ್ಲಿ ಮಾರುತಿಯ ಸೆಲೆರಿಯೊ ಜೊತೆಗೆ ಎಎಂಟಿ ಎಂಬ ಅಗ್ಗದ ಆಟೋಮ್ಯಾಟಿಕ್ ಬಂತು. ಅದೇ ದರ್ಜೆಯ ಗೇರಿನ ಕಾರಿಗಿಂತ ಸುಮಾರು 40 ಸಾವಿರ ರೂಪಾಯಿ ಹೆಚ್ಚು, ಅಷ್ಟೆ. ಕಂಪನಿ ಹೇಳಿದ ಮೈಲೇಜ್ ಎರಡಕ್ಕೂ ಒಂದೇ, ಲೀಟರಿಗೆ 23.1 ಕಿಲೋಮೀಟರ್. ಅಷ್ಟು ಅಗ್ಗಕ್ಕೆ ಹೇಗೆ ಸಾಧ್ಯವಾಯಿತು? ಹೊಸ ಗೇರ್‌ಬಾಕ್ಸನ್ನೇನೂ ಮಾಡಿರಲಿಲ್ಲ. ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು. ಅದರ ಮೇಲೆ ಕ್ಲಚ್ ಒತ್ತಲು, ಗೇರು ಬದಲಿಸಲು ಯಂತ್ರದ ಕೈಕಾಲು ಕೂರಿಸಿ, ಯಾವಾಗ ಬದಲಿಸಬೇಕೆಂದು ಕಂಪ್ಯೂಟರಿಗೆ ಹೇಳಿಕೊಟ್ಟದ್ದು. ಅಂಥ ಕೆಲವು ಕಾರುಗಳಲ್ಲಿ ಡ್ರೈವರ್ ಬದಿಯ ಬಾಗಿಲು ತೆರೆದ ಕೂಡಲೇ ಝುಂಯ್ ಎಂದು ಸಣ್ಣ ಸದ್ದು ಬರುತ್ತದೆ. ಈ ವ್ಯವಸ್ಥೆಯ ಎಣ್ಣೆಯ ಪಂಪು ಒತ್ತಡ ತುಂಬಿಸಿಕೊಳ್ಳುತ್ತಿರುವ ಸದ್ದು ಅದು, ಹೆದರಬೇಕಿಲ್ಲ.

ಹೆದರಬೇಕಾದದ್ದು ಬೇರೆ ಕಡೆ. ನಮ್ಮ ಮನೆಗಳು ಇರುವುದು ಮುರಕಲ್ಲಿನ ಗುಡ್ಡೆಗಳ ಮೇಲೆ. ಕದ್ರಿಯಾಗಲಿ, ಬಾವುಟಗುಡ್ಡೆಯಾಗಲಿ, ಮಣಿಪಾಲವಾಗಲಿ, ಮುಖ್ಯ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಒಂದು ಗಾಡಿಯ ಅಗಲದ ಕಾಂಕ್ರೀಟು ಚಡವು, ಅದರ ತುದಿಗೆ ಗೇಟು. ಅಲ್ಲಿ ಗೇಟು ತೆರೆಯುವವರೆಗೆ ಕಾರನ್ನು ನಿಲ್ಲಿಸಿಕೊಳ್ಳಬೇಕು. ಮಳೆಗಾಲದ ಆಟಿ ತಿಂಗಳಿನಲ್ಲಿ ಪಾಚಿ ಕಟ್ಟಿರುತ್ತದೆ, ಟೈರು ಜಾರುತ್ತದೆ. ಎಎಂಟಿ ಓಡಿಸುವವರು ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನೇ ಚೂರು ಒತ್ತಿಕೊಂಡು ಕಾರನ್ನು ಏರಿನಲ್ಲಿ ತಡೆದಿಡುತ್ತಾರೆ. ಕಾರು ನಿಂತಿದೆ, ಎಂಜಿನ್ ತಿರುಗುತ್ತಿದೆ, ನಡುವೆ ಕ್ಲಚ್ ಪ್ಲೇಟ್ ಉಜ್ಜಿಕೊಳ್ಳುತ್ತಿದೆ. ಗೇರಿನ ಕಾರಿನಲ್ಲಿ ಇದನ್ನೇ ಹಾಫ್ ಕ್ಲಚ್ ಎಂದು ಬೈಯುತ್ತೇವೆ. ಇಲ್ಲಿ ಕ್ಲಚ್ ಪೆಡಲ್ ಕಾಣದ ಕಾರಣ ಕ್ಲಚ್ಚೇ ಇಲ್ಲವೆಂದುಕೊಳ್ಳುತ್ತೇವೆ. ಅರ್ಧ ನಿಮಿಷಕ್ಕೆ ಸುಟ್ಟ ವಾಸನೆ ಬರುತ್ತದೆ. ಇದನ್ನು ದಿನಾ ಮಾಡಿದರೆ, ಸರಿಯಾಗಿ ಓಡಿಸಿದರೆ ಲಕ್ಷ ಕಿಲೋಮೀಟರಿನ ಹತ್ತಿರಕ್ಕೂ ಬರಬಹುದಾದ ಪ್ಲೇಟು ಮೂವತ್ತು ನಲವತ್ತು ಸಾವಿರದೊಳಗೇ ಮುಗಿಯುತ್ತದೆ.

ಏರಿನಲ್ಲಿ ನಿಲ್ಲಲು ಬ್ರೇಕು, ಹೊರಡಲು ಹ್ಯಾಂಡ್ ಬ್ರೇಕು. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕಿನಿಂದ ಕಾಲು ತೆಗೆದು, ಆಕ್ಸಿಲರೇಟರ್ ಒತ್ತಿ, ಕಾರು ಮುಂದಕ್ಕೆ ಜಗ್ಗುವುದು ಗೊತ್ತಾದ ಕೂಡಲೇ ಹ್ಯಾಂಡ್ ಬ್ರೇಕ್ ಇಳಿಸಬೇಕು. ಆಮೇಲೆ ಬಂದ ಕಾರುಗಳಲ್ಲಿ ಕಾಲು ತೆಗೆದರೂ ಬ್ರೇಕನ್ನು ಹಿಡಿದಿಡುವ ಹಿಲ್ ಹೋಲ್ಡ್ ಇದೆ, ಆದರೆ ಅದು ಹಿಡಿದಿಡುವುದು ಎರಡು ಸೆಕೆಂಡಿನ ಲೆಕ್ಕದಲ್ಲಿ. ಗೇಟು ತೆರೆಯಲು ಅದು ಸಾಲದು. ರಿವರ್ಸಿನಲ್ಲಿ ಚಡವು ಹತ್ತಿಸುವ ಅಭ್ಯಾಸವಂತೂ ಎಎಂಟಿ ಕ್ಲಚ್ಚಿಗೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಮೇಲೆ ಹೋಗಿ ತಿರುಗಿಸಲು ಜಾಗವಿದ್ದರೆ ಮುಂದಾಗಿಯೇ ಹತ್ತಿಸಿ.

ಹೆಚ್ಚಿನ ಎಎಂಟಿಗಳ ಲಿವರಿನಲ್ಲಿ ‘ಪಿ’ ಎಂಬ ಪಾರ್ಕಿಂಗ್ ಸ್ಥಾನವೂ ಇಲ್ಲ. ನ್ಯೂಟ್ರಲ್‌ನಲ್ಲಿ ಆಫ್ ಮಾಡಿ ಇಳಿದರೆ ಕಾರನ್ನು ಹಿಡಿದಿರುವುದು ಹ್ಯಾಂಡ್ ಬ್ರೇಕ್ ಒಂದೇ. ಬ್ರೇಕ್ ಒತ್ತಿಕೊಂಡು, ಏರುಮುಖವಾಗಿದ್ದರೆ ಮುಂದಕ್ಕೆ ಹೋಗುವ ‘ಡಿ’ಯಲ್ಲಿ, ಇಳಿಮುಖವಾಗಿದ್ದರೆ ರಿವರ್ಸಿನ ‘ಆರ್’ನಲ್ಲಿ ಇಟ್ಟು ಎಂಜಿನ್ ಆಫ್ ಮಾಡಿದರೆ ಗೇರು ಹಿಡಿದುಕೊಂಡಿರುತ್ತದೆ. ಹ್ಯಾಂಡ್ ಬ್ರೇಕೂ ಇರಲಿ. ಗೇರು ಬದಲಾಗುವಾಗ ತಲೆ ಮುಂದಕ್ಕೆ ತೂಗುವುದು ಇದರ ಇನ್ನೊಂದು ದೂರು. ಬದಲಾಗುವ ಹೊತ್ತಿಗೆ ಆಕ್ಸಿಲರೇಟರನ್ನು ಚೂರು ಸಡಿಲಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಕ್ಲಚ್ ಬದಲಿಸಿದ ಮೇಲೂ ಜಗ್ಗಾಟ ನಿಲ್ಲದಿದ್ದರೆ, ಸ್ಕ್ಯಾನರ್ ಹಾಕಿ ಹೊಸ ಪ್ಲೇಟು ಎಲ್ಲಿ ಕಚ್ಚುತ್ತದೆ ಎಂದು ಕಂಪ್ಯೂಟರಿಗೆ ಕಲಿಸಿದ್ದಾರೆಯೇ ಎಂದು ಗ್ಯಾರೇಜಿನಲ್ಲಿ ಕೇಳಿ. ಅದನ್ನು ಬಿಟ್ಟುಬಿಡುವುದು ಅಪರೂಪವಲ್ಲ.

ಎಎಂಟಿಯಲ್ಲದೆ ಆಟೋಮ್ಯಾಟಿಕ್‌ನಲ್ಲಿ ಇನ್ನೂ ಮೂರು ಬಗೆ ಇವೆ, ಅವುಗಳ ಸ್ವಭಾವ ಬೇರೆ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯೇ ಶಕ್ತಿ ದಾಟಿಸುತ್ತದೆ. ಹೊರಡುವಾಗ ಉಜ್ಜಿ ಸವೆಯುವ ಪ್ಲೇಟು ಇಲ್ಲದ್ದರಿಂದ ಚಡವಿಗೆ ಇದರಷ್ಟು ತಾಳ್ಮೆಯದು ಇನ್ನೊಂದಿಲ್ಲ. ದುಡ್ಡು ಜಾಸ್ತಿ, ಪೆಟ್ರೋಲೂ ಚೂರು ಜಾಸ್ತಿ. ಸಿವಿಟಿಯಲ್ಲಿ ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟು. ಕೂಳೂರಿನಿಂದ ಸುರತ್ಕಲ್‌ವರೆಗೆ ನಿಂತು ನಿಂತು ಹೋಗಲು ಬೆಣ್ಣೆಯಂತೆ, ಓವರ್‌ಟೇಕಿಗೆ ಒತ್ತಿದರೆ ಮೊದಲು ಎಂಜಿನ್ ಕೂಗುತ್ತದೆ, ವೇಗ ಹಿಂದಿನಿಂದ ಬರುತ್ತದೆ. ಡಿಸಿಟಿಯಲ್ಲಿ ಎರಡು ಕ್ಲಚ್. ಬಿಟ್ಟ ರಸ್ತೆಯಲ್ಲಿ ಇದರಷ್ಟು ಚುರುಕು ಯಾವುದೂ ಇಲ್ಲ, ಆದರೆ ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚಿನದಾದರೆ ಬ್ಲಾಕಿನಲ್ಲಿ ತೆವಳುವಾಗ ಬಿಸಿಯಾಗಿ ಮುನಿಸಿಕೊಳ್ಳುತ್ತದೆ.

ಷೋರೂಮಿನಲ್ಲಿ ಈ ನಾಲ್ಕಕ್ಕೂ ಆಟೋಮ್ಯಾಟಿಕ್ ಎಂಬ ಒಂದೇ ಚೀಟಿ. ಕೇಳುವವರೂ ಅಷ್ಟಕ್ಕೇ ಸುಮ್ಮನಾಗುತ್ತಾರೆ. ಟೆಸ್ಟ್ ಡ್ರೈವ್ ನಡೆಯುವುದು ಸಪಾಟು ಹೆದ್ದಾರಿಯಲ್ಲಿ. ನಿಮ್ಮ ಮನೆಯ ಚಡವಿಗೇ ಕಾರು ತರಲು ಹೇಳಿ, ಮನೆಯವರೆಲ್ಲ ಕೂತು, ನಡುವೆ ನಿಲ್ಲಿಸಿ ಹೊರಡಿಸಿ ನೋಡಿದರೆ ಅರ್ಧ ತಕರಾರು ಅಲ್ಲೇ ತೀರುತ್ತದೆ.

ಘಟ್ಟದ ವಿಷಯದಲ್ಲಿ ದೂರುಗಳೆಲ್ಲ ಹತ್ತುವುದರ ಬಗ್ಗೆ, ಅಪಾಯ ಇರುವುದು ಇಳಿಯುವುದರಲ್ಲಿ. ಆಗುಂಬೆಯ 14 ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವಾಗ ಹಳೆಯ ಡ್ರೈವರುಗಳ ನಿಯಮ ಒಂದೇ: ಹತ್ತಿದ ಗೇರಿನಲ್ಲೇ ಇಳಿ. ‘ಡಿ’ಯಲ್ಲಿ ಬಿಟ್ಟರೆ ಎಷ್ಟೋ ಕಾರುಗಳು ಇಳಿಜಾರಿನಲ್ಲೂ ಮೇಲಿನ ಗೇರಿಗೇ ಹೋಗುತ್ತವೆ, ಎಂಜಿನ್ನಿನ ತಡೆ ಸಿಗುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಪ್ಯಾಡು ಕಾದು ವಾಸನೆ ಬರುತ್ತದೆ, ಬ್ರೇಕ್ ಆಯಿಲ್ ಹಳತಾಗಿದ್ದರೆ ಅದರಲ್ಲಿ ಸೇರಿದ ನೀರು ಕುದಿದು ಪೆಡಲ್ ಮೆತ್ತಗಾಗುತ್ತದೆ. ನಮ್ಮ ತೇವದ ಹವೆಯಲ್ಲಿ ಆ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಲಿವರನ್ನು ಕೈಯಾರೆ ಗೇರು ಬದಲಿಸುವ ‘ಎಂ’ ಸ್ಥಾನಕ್ಕೆ ತಳ್ಳಿ ಎರಡನೇ ಗೇರಿಗೆ ಇಳಿಸುವುದು, ಸಿವಿಟಿಯಾದರೆ ‘ಎಲ್’ ಅಥವಾ ‘ಎಸ್’ ಹಾಕುವುದು ಇದಕ್ಕೆ ಉಪಾಯ.

ಹಾಗೆಂದು ಗೇರಿನ ಕಾರು ಪತಿವ್ರತೆಯೇನಲ್ಲ. ಕಲ್ಸಂಕದ ಸಿಗ್ನಲಿನಲ್ಲಿ ಕ್ಲಚ್ ಮೇಲೇ ಕಾಲಿಟ್ಟು ಕಾಯುವವರ ಗಾಡಿಯಲ್ಲಿ ರಿಲೀಸ್ ಬೇರಿಂಗ್ ಮೊದಲು ಕಿರುಗುಟ್ಟುತ್ತದೆ. ಆದರೂ ಅದು ಕೆಟ್ಟಾಗ ಊರಿನ ಯಾವ ಗ್ಯಾರೇಜಿನಲ್ಲೂ ರಿಪೇರಿಯಾಗುತ್ತದೆ, ಬ್ಯಾಟರಿ ಇಳಿದರೆ ಅದೇ ಚಡವಿನಿಂದ ಕೆಳಕ್ಕೆ ಬಿಟ್ಟು ಸೆಕೆಂಡ್ ಗೇರಿನಲ್ಲಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್‌ಗೆ ಈ ಉಪಾಯವಿಲ್ಲ. ಎಎಂಟಿ ಬಿಟ್ಟು ಉಳಿದವನ್ನು ಎಳೆದೊಯ್ಯುವುದಿದ್ದರೂ ಎಂಜಿನ್ ತಿರುಗಿಸುವ ಚಕ್ರಗಳು ನೆಲಕ್ಕೆ ತಾಗದಂತೆ ಎತ್ತಬೇಕು, ಹಗ್ಗ ಕಟ್ಟಿ ಎಳೆದರೆ ಒಳಗೆ ಎಣ್ಣೆ ಹರಿಯದೆ ಗೇರ್‌ಬಾಕ್ಸ್ ಹಾಳು. 2020ರಲ್ಲಿ ಹ್ಯುಂಡೈ ವೆನ್ಯೂ ಜೊತೆ ಬಂದ ಐಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದ ಗೇರು ಕಾರು, ಇಬ್ಬರನ್ನೂ ಮೆಚ್ಚಿಸಲು ಹೊರಟು ಅಷ್ಟಾಗಿ ಯಾರನ್ನೂ ಹಿಡಿದಿಡಲಿಲ್ಲ.

ಡ್ರೈವಿಂಗ್ ಸ್ಕೂಲುಗಳಲ್ಲಿ ಈಗಲೂ ಹೆಚ್ಚಾಗಿ ಕಲಿಸುವುದು ಗೇರಿನಲ್ಲೇ. ಬೈಕಿಗೆ ಗೇರಿನದು, ಗೇರಿಲ್ಲದ್ದು ಎಂದು ಇರುವಂತೆ ನಮ್ಮ ಕಾರಿನ ಲೈಸೆನ್ಸಿನಲ್ಲಿ ಗೇರು, ಆಟೋಮ್ಯಾಟಿಕ್ ಎಂಬ ಭೇದವಿಲ್ಲ. ಹಾಗಾಗಿ ಒಂದು ತಿಂಗಳು ಎಡಗಾಲಿಗೆ ಕ್ಲಚ್ ಅಭ್ಯಾಸ ಮಾಡಿಸಿ, ಮರುವಾರ ಆಟೋಮ್ಯಾಟಿಕ್ ಕಾರಿನ ಕೀಲಿ ಕೈಗೆ ಬರುತ್ತದೆ. ಗಾಬರಿಯಾದ ಗಳಿಗೆಯಲ್ಲಿ ಎಡಗಾಲು ಕ್ಲಚ್ ಎಂದುಕೊಂಡು ಅಗಲವಾದ ಬ್ರೇಕ್ ಪೆಡಲನ್ನು ಪೂರ್ತಿ ಒತ್ತಿಬಿಡುತ್ತದೆ, ಹೆದ್ದಾರಿಯಲ್ಲಿ ಹಿಂದೆ ಬರುವ ಬಸ್ಸಿಗೆ ಅದು ಗೊತ್ತಿರುವುದಿಲ್ಲ. ಮೊದಲ ವಾರ ಎಡಗಾಲನ್ನು ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಒತ್ತಿಟ್ಟುಕೊಂಡು ಖಾಲಿ ಮೈದಾನದಲ್ಲಿ ಓಡಿಸಿ. ಎರಡೂ ಪೆಡಲಿಗೆ ಬಲಗಾಲೊಂದೇ.